ಎಣ್ಣೆ ಹಚ್ಚಿದ ಬಟ್ಟೆ ಸೊಳ್ಳೆಯನ್ನು ಎಷ್ಟು ತಡೆದೀತು?



ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯ ಹೊಲದ ಬದುಗಳಲ್ಲಿ ಬೇವಿಗೆ ಕೊರತೆಯಿಲ್ಲ. ನಮ್ಮ ತೋಟಗಳಲ್ಲಿ ಅದು ಅಪರೂಪ. ಆದರೆ ಅಲ್ಲಿ ಶೇಖರಿಸಿಟ್ಟ ಡ್ರಮ್ಮಿನ ನೀರಿನಲ್ಲೂ, ಇಲ್ಲಿ ಬಿದ್ದ ಅಡಿಕೆ ಹಾಳೆಯ ಮಳೆನೀರಿನಲ್ಲೂ ಮರಿಯಾಗುವುದು ಈಡಿಸ್ ಕುಲದ ಸೊಳ್ಳೆಗಳೇ. ಡೆಂಗೆ, ಚಿಕೂನ್‌ಗುನ್ಯಾ ಹರಡುವುದು ಇವುಗಳಿಂದ. 2006ರ ಚಿಕೂನ್‌ಗುನ್ಯಾ ಹಾವಳಿಯನ್ನು ರಾಜ್ಯ ಮರೆತಿಲ್ಲ. ಇವು ಹಗಲು ಕಚ್ಚುವುದರಿಂದ ರಾತ್ರಿಯ ಪರದೆಯೊಂದೇ ಸಾಲದು. ಕೆಲಸದ ಬಟ್ಟೆಗೆ ಎಣ್ಣೆ ಹಚ್ಚುವ ಪ್ರಶ್ನೆ ಬರುವುದು ಇಲ್ಲಿಯೇ.

ಹತ್ತಿಯ ನೂಲು ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗಿ ಹಿಡಿದಿಡುವುದಿಲ್ಲ. ಮಜ್ಜಿಗೆಹುಲ್ಲಿನ ಎಣ್ಣೆ ಬೇಗ ಆವಿಯಾಗುತ್ತದೆ. ಅದರ ಕಾವಲು ಒಂದೆರಡು ಗಂಟೆ ಮಾತ್ರ. ಬೇವಿನೆಣ್ಣೆ ಅಷ್ಟು ಬೇಗ ಆರದು, ಆದರೆ ಸಾಬೂನಿನ ಒಗೆತಕ್ಕೆ ತೊಳೆದುಹೋಗುತ್ತದೆ. ಜವಳಿ ತಜ್ಞರು ಎಣ್ಣೆಯನ್ನು ಅತಿಸೂಕ್ಷ್ಮ ಅಂಟಿನ ಕೋಶಗಳಲ್ಲಿ ತುಂಬಿ ಬಟ್ಟೆಗೆ ಕೂರಿಸುವುದು ಇದಕ್ಕಾಗಿಯೇ.

ಮನೆಯಲ್ಲಿ ಮಾಡುವುದಾದರೆ:

1. 98 ಭಾಗ ಕೊಬ್ಬರಿ ಎಣ್ಣೆಗೆ 2 ಭಾಗ ಬೇವಿನೆಣ್ಣೆ ಬೆರೆಸಿ, ಹಳೆಯ ಬಟ್ಟೆಯ ತೋಳಂಚು, ಕಾಲಂಚು, ಕಾಲರಿಗೆ ತೆಳುವಾಗಿ ಸವರಿ.

2. ಪ್ರತಿ ಒಗೆತದ ನಂತರ ಮತ್ತೆ ಹಚ್ಚಿ.

3. ಎಣ್ಣೆ ಬಟ್ಟೆಯನ್ನು ಒಲೆಯ ಬಳಿ ಇಡಬೇಡಿ. ಬೇವಿನೆಣ್ಣೆ ಮಕ್ಕಳ ಬಾಯಿಗೆ ಹೋಗದಿರಲಿ.

ಇಷ್ಟಾದರೂ ಬಟ್ಟೆ ಕಾಯುವುದು ತೊಟ್ಟವನನ್ನು ಮಾತ್ರ, ಅದೂ ಸ್ವಲ್ಪ ಹೊತ್ತು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಹಾಳೆ ಆಯ್ದು, ಡ್ರಮ್ಮು ಬರಿದು ಮಾಡಿ ಉಜ್ಜಿದರೆ ಇಡೀ ಕೇರಿಗೇ ಕಾವಲು. ನಾವು ಮೊದಲು ಮಾಡಬೇಕಾದ್ದು ಅದನ್ನೇ.