ಖಾತೆಯಲ್ಲಿರುವುದೆಲ್ಲ ನನ್ನ ದುಡ್ಡಲ್ಲ

ಡಿಜೆ ಎಂದರೆ ಒಂದೇ ರಾತ್ರಿಯಲ್ಲಿ ಲಕ್ಷ ಎಣಿಸುವವರು ಎಂದು ನಮ್ಮ ನೆಂಟರಿಷ್ಟರಲ್ಲಿ ಬಹಳ ಮಂದಿ ನಂಬಿದ್ದಾರೆ. ಆರತಕ್ಷತೆಗೂ ಕಂಪನಿಗಳ ಪಾರ್ಟಿಗಳಿಗೂ ಹೋಗುವವರಲ್ಲಿ ಕೆಲವರ ಮಟ್ಟಿಗೆ ಅದು ನಿಜವೂ ಹೌದು. ನಾನು ಇರುವುದು ಬೆಂಗಳೂರಿನ ಅಂಡರ್‌ಗ್ರೌಂಡ್ ಎಲೆಕ್ಟ್ರಾನಿಕ್ ಸಂಗೀತದಲ್ಲಿ. ಟೆಕ್ನೋ, ಎಲೆಕ್ಟ್ರೋ, ಡಬ್ ಕೇಳಲು ಇನ್ನೂರು ಜನ ಸೇರಿದರೆ ನಮಗೆ ಅದು ತುಂಬಿದ ಸಭೆ. ಟಿಕೆಟ್ ದುಡ್ಡನ್ನು ಸೌಂಡ್ ಬಾಡಿಗೆ, ಹೊರಗಿನಿಂದ ಬಂದ ಕಲಾವಿದರ ವಿಮಾನ, ಪೋಸ್ಟರ್ ಮಾಡಿದವರು, ಬಾಗಿಲಲ್ಲಿ ನಿಂತವರು ಎಲ್ಲರಿಗೂ ಹಂಚಿ ಉಳಿದದ್ದರಲ್ಲಿ ನಮ್ಮ ಫೀ ಬರಬೇಕು. ಹಗಲು ಹೊತ್ತು ನಾನು ಜಾಹೀರಾತು, ಸಾಕ್ಷ್ಯಚಿತ್ರಗಳಿಗೆ ಸೌಂಡ್ ಕೆಲಸ ಮಾಡುತ್ತೇನೆ. ಮನೆ ಬಾಡಿಗೆ ಬರುವುದು ಅಲ್ಲಿಂದ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಯಾಕೆಂದರೆ ರಾತ್ರಿ ನನಗೆ ಬೇಕಾದ ಸಂಗೀತವನ್ನೇ ಹಾಕುವ ಸ್ವಾತಂತ್ರ್ಯ ಕೊಟ್ಟಿರುವುದು ಅದೇ.

ಗಿಗ್ ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅರ್ಧ ಅಡ್ವಾನ್ಸ್ ಬಂದ ಮೇಲೆಯೇ ಪೋಸ್ಟರ್‌ನಲ್ಲಿ ಹೆಸರು ಹಾಕಲು ಒಪ್ಪಬೇಕು. ಉಳಿದರ್ಧಕ್ಕೆ ಮರುದಿನವೇ ಇನ್ವಾಯ್ಸ್ ಹೋಗಬೇಕು. ಶೇ 10 ಟಿಡಿಎಸ್ ಮುರಿದುಕೊಂಡು ಕೊಟ್ಟರೆ ಅದು ನಿಜವಾಗಿಯೂ ಸರ್ಕಾರಕ್ಕೆ ಕಟ್ಟಲ್ಪಟ್ಟು ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಮುರಿದುಕೊಂಡದ್ದನ್ನು ಕಟ್ಟದೇ ಇರುವವರೂ ಇದ್ದಾರೆ. ಕೇಳಲು ಸಂಕೋಚ ಪಡಬೇಡಿ, ಅದು ನಿಮ್ಮದೇ ದುಡ್ಡು.

ತೆರಿಗೆಯ ವಿಷಯದಲ್ಲಿ ನನಗೊಂದು ಕೊರಗಿದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಸೇವೆಯ ಮೇಲೆ ಶೇ 18 ತೆರಿಗೆ. ಜನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ರಂಗಭೂಮಿಯ ಕಲಾವಿದರಿಗೆ ಮಾತ್ರ, ಒಂದು ಪ್ರದರ್ಶನದ ಸಂಭಾವನೆ ಒಂದೂವರೆ ಲಕ್ಷ ದಾಟದಿದ್ದರೆ, ವಿನಾಯಿತಿ ಇದೆ. ಅವರಿಗೆ ಅದು ಸಿಗಲೇಬೇಕು. ನಮ್ಮ ಸಂಗೀತ ಮಾತ್ರ ಆ ಬಾಗಿಲಿನಿಂದ ಹೊರಗೆ. ಜರ್ಮನಿಯಲ್ಲಿ ಇದೇ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿತ್ತು. ಬರ್ಲಿನ್ನಿನ ಬರ್ಗ್‌ಹೈನ್ ಕ್ಲಬ್‌ನ ಟೆಕ್ನೋ ರಾತ್ರಿಗಳು ಬರೀ ಮೋಜಲ್ಲ, ಸಂಗೀತ ಕಛೇರಿಗಳಿಗೆ ಸಮಾನ ಎಂದು ಅಲ್ಲಿನ ತೆರಿಗೆ ನ್ಯಾಯಾಲಯ 2016ರಲ್ಲಿ ಒಪ್ಪಿತು. ಪ್ರವೇಶ ಶುಲ್ಕದ ಮೇಲಿನ ತೆರಿಗೆ ಶೇ 19ರ ಬದಲು ಶೇ 7 ಆಯಿತು. 2024ರಲ್ಲಿ ಬರ್ಲಿನ್ ಟೆಕ್ನೋ ಆ ದೇಶದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಸರ್ಕಾರ ಒಂದು ಕಲೆಯನ್ನು ಕಲೆ ಎಂದು ಒಪ್ಪಿದ ದಿನ ಅದರ ಲೆಕ್ಕಪುಸ್ತಕವೂ ಬದಲಾಗುತ್ತದೆ. ಇಲ್ಲಿಯೂ ಆ ದಿನ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಈಗ ನಾನು ನಡೆಸುವ ರೆಕಾರ್ಡ್ ಲೇಬಲ್ಲಿಗೆ ಬರೋಣ. ಈ ಅಂಕಣ ಬರೆಯಲು ಕೂತದ್ದೇ ಅದಕ್ಕೆ. ನಮ್ಮದು ಪುಟ್ಟ ಲೇಬಲ್, ನಮ್ಮೂರಿನ, ನಮ್ಮ ಸುತ್ತಲಿನವರ ಟ್ರ್ಯಾಕ್‌ಗಳನ್ನು ಹೊರತರುತ್ತೇವೆ. ದುಡ್ಡಿನ ಮುಖ್ಯ ದಾರಿ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರಾಟದ ಜಾಲತಾಣ. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ 15. ಏಳು ಯೂರೋ ಬೆಲೆಯ ನಾಲ್ಕು ಟ್ರ್ಯಾಕ್‌ಗಳ ಒಂದು ಇಪಿ ನೂರು ಮಂದಿಗೆ ಮಾರಾಟವಾದರೆ 700 ಯೂರೋ, ಅವರ ಪಾಲು 105, ಉಳಿದದ್ದು 595. ಅದರಲ್ಲಿ ಪಾವತಿ ಶುಲ್ಕವೂ ರೂಪಾಯಿಗೆ ಬದಲಾಗುವಾಗಿನ ಸವೆತವೂ ಹೋಗಿ ಮಿಕ್ಕದ್ದು ನನ್ನ ಹೆಸರಿನ ಖಾತೆಗೆ ಬೀಳುತ್ತದೆ. ಬೀಳುವ ಕ್ಷಣದಲ್ಲಿ ಅದು ನನ್ನ ದುಡ್ಡಿನ ಹಾಗೇ ಕಾಣುತ್ತದೆ. ಆದರೆ ಮಾಸ್ಟರಿಂಗ್ ಮತ್ತು ಮುಖಪುಟದ ಖರ್ಚು ಕಳೆದ ಮೇಲೆ ಅದರಲ್ಲಿ ಅರ್ಧ ಸಂಗೀತ ಮಾಡಿದವರದು. ಎಷ್ಟೋ ಸಣ್ಣ ಲೇಬಲ್‌ಗಳು ಮುಳುಗಿದ್ದು ಕೇಳುಗರಿಲ್ಲದೆ ಅಲ್ಲ, ಇದೊಂದು ಗೆರೆ ಅಳಿಸಿಹೋಗಿ. ಈ ತಿಂಗಳ ಬಾಡಿಗೆಗೆಂದು ತೆಗೆದು, ಮುಂದಿನ ರಿಲೀಸ್‌ನಲ್ಲಿ ತುಂಬಿಸಿದರಾಯಿತು ಎಂದುಕೊಂಡು, ಕೊನೆಗೆ ಗೆಳೆಯನ ಫೋನ್ ಎತ್ತದ ಸ್ಥಿತಿಗೆ ಬಂದವರನ್ನು ನಾನು ನೋಡಿದ್ದೇನೆ. ಅದಕ್ಕೇ ಲೇಬಲ್ಲಿಗೆ ಬೇರೆ ಖಾತೆ ಇಟ್ಟಿದ್ದೇನೆ. ಅದರ ಎಟಿಎಂ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಾಲು ಹಂಚುತ್ತೇನೆ, ಬಂದದ್ದು ನೂರು ರೂಪಾಯಿಯಾದರೂ ಸರಿ.

ಹಂಚುವುದು ಹೇಗೆ ಎಂಬುದನ್ನು ನನಗೆ ಕಲಿಸಿದವರು ಸಾಗರದ ಕಡೆಯ ಡೊಳ್ಳಿನ ತಂಡದ ಹಿರಿಯರು. ಅವರ ಊರಿನ ದೇವಸ್ಥಾನದ ಅಂಗಳದಲ್ಲಿ ನಾಲ್ವರನ್ನು ನಿಲ್ಲಿಸಿ ರೆಕಾರ್ಡ್ ಮಾಡಿದ್ದೆವು. ಡೊಳ್ಳಿನ ಒಂದು ಮುಖಕ್ಕೆ ಕೋಲಿನ ಏಟು, ಇನ್ನೊಂದಕ್ಕೆ ಅಂಗೈ ಏಟು. ಎರಡಕ್ಕೂ ಬೇರೆ ಬೇರೆ ಮೈಕ್ ಹಿಡಿದಿದ್ದೆವು. ಕೋಲಿನ ಏಟನ್ನು ಕಿಕ್ ಡ್ರಮ್ಮಿನ ಮೇಲೆ, ಅಂಗೈಯ ಗುಂಯ್‌ಗುಡುವಿಕೆಯನ್ನು ಬೇಸ್‌ನ ಜೊತೆ ಕೂಡಿಸಿ ಆದ ಟ್ರ್ಯಾಕ್ ಅದು. ಆ ದಿನದ ಸಂಭಾವನೆ ಅಲ್ಲೇ ಕೊಟ್ಟಿದ್ದೆ, ಜೊತೆಗೆ ಮಾರಾಟದಲ್ಲಿ ಪಾಲು ಎಂದೂ ಬರೆದುಕೊಟ್ಟಿದ್ದೆ. ಮೊದಲ ಪಾಲು ಕಳಿಸಿದ ಸಂಜೆ ಅವರ ಫೋನ್ ಬಂತು.

"ಸರ್, ನಿಮ್ ಹೆಸ್ರಿಂದ ದುಡ್ ಬಂದೈತೆ. ಯಾವ ಕಾರ್ಯಕ್ರಮದ್ದು ಇದು? ನಾವೆಲ್ಲೂ ಬಂದಿಲ್ವಲ್ಲ?"

"ನೀವು ಬಂದಿಲ್ಲ ಯಜಮಾನ್ರೇ, ನಿಮ್ಮ ಡೊಳ್ಳು ಹೋಗಿತ್ತು. ಜರ್ಮನಿ, ಜಪಾನ್ ಕಡೆ ಜನ ಕೊಂಡುಕೊಂಡಿದ್ದಾರೆ. ಅದರ ಪಾಲು."

"ಹಂಗಾದ್ರೆ ನಾಲ್ಕೂ ಜನದ್ದು ಇದು. ಯಾರಿಗೆ ಎಷ್ಟು ಅಂತ ನೀವೇ ಬರ್ದು ಕಳ್ಸಿ ಸರ್. ನಾಳೆ ನಮ್ನಮ್ಮಲ್ಲೇ ಮಾತು ಬರಬಾರ್ದು."

ರಾಯಲ್ಟಿ ಸ್ಟೇಟ್‌ಮೆಂಟ್ ಎಂದರೆ ಇಷ್ಟೇ. ಎಷ್ಟು ಮಾರಾಟವಾಯಿತು, ಏನೇನು ಕಳೆಯಿತು, ಯಾರಿಗೆ ಎಷ್ಟು. ಅಲ್ಲಿಂದೀಚೆಗೆ ನಮ್ಮ ಪ್ರತಿ ಸ್ಟೇಟ್‌ಮೆಂಟ್‌ನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಮೊತ್ತ ಇರುತ್ತದೆ, ಹಣವೂ ಒಬ್ಬೊಬ್ಬರ ಖಾತೆಗೇ ಹೋಗುತ್ತದೆ.

ಸ್ಟ್ರೀಮಿಂಗ್ ನಂಬಿ ಲೇಬಲ್ ಕಟ್ಟಬೇಡಿ. ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿ ಕೇಳಿಸಿಕೊಳ್ಳದ ಟ್ರ್ಯಾಕ್‌ಗೆ ಸ್ಪಾಟಿಫೈ 2024ರಿಂದ ರೆಕಾರ್ಡಿಂಗ್ ರಾಯಲ್ಟಿ ಕೊಡುವುದನ್ನೇ ನಿಲ್ಲಿಸಿದೆ. ನಮ್ಮ ಸಂಗೀತದ ನಿಜವಾದ ಬಾಳು ಇರುವುದು ಇನ್ನೊಬ್ಬ ಡಿಜೆಯ ಕೈಯಲ್ಲಿ, ರಾತ್ರಿ ಒಂದು ಗಂಟೆಗೆ ಜನ ಕುಣಿಯುವ ನೆಲದ ಮೇಲೆ. ಅಲ್ಲಿ ಏನು ನುಡಿಯಿತು ಎಂದು ಯಾರೂ ಬರೆದಿಡದಿದ್ದರೆ ಕ್ಲಬ್ ಕಟ್ಟಿದ ಲೈಸೆನ್ಸ್ ಶುಲ್ಕದಲ್ಲಿ ನಮ್ಮ ಪಾಲು ನಮ್ಮ ತನಕ ಬರುವುದಿಲ್ಲ. ಹಾಗಾಗಿ ಸೆಟ್ ಮುಗಿದ ಮೇಲೆ ಟ್ರ್ಯಾಕ್ ಪಟ್ಟಿ ಬರೆದು ಕ್ಲಬ್ಬಿಗೆ ಕೊಡುವ ರೂಢಿ ನಮ್ಮಲ್ಲಿ ಬೆಳೆಯಬೇಕು. ಇದರಲ್ಲಿ ಹೋಗುವುದು ಹತ್ತು ನಿಮಿಷ, ಉಳಿಯುವುದು ಜೊತೆಯವರ ಅನ್ನ.

ವಿನೈಲ್ ಮೇಲೆ ನನಗೆ ಪ್ರೀತಿ ಇದೆ, ಆದರೆ ಲೆಕ್ಕ ಕಠಿಣ. ಲ್ಯಾಕರ್ ಕತ್ತರಿಸುವುದು, ಅಚ್ಚು, ಟೆಸ್ಟ್ ಪ್ರೆಸ್ಸಿಂಗ್ ಇವೆಲ್ಲ ಮುನ್ನೂರು ಪ್ರತಿಗೂ ಸಾವಿರ ಪ್ರತಿಗೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಸಣ್ಣ ಸಂಖ್ಯೆಯಲ್ಲಿ ಒತ್ತಿಸಿದರೆ ಒಂದೊಂದು ತಟ್ಟೆಯೂ ದುಬಾರಿ. ಯೂರೋಪಿನ ವಿತರಕರು ಒತ್ತಿಸುವ ಖರ್ಚನ್ನು ತಾವೇ ಹಾಕಿ, ಮಾರಾಟದಲ್ಲಿ ಮೊದಲು ಅದನ್ನು ಹಿಡಿದುಕೊಂಡು, ಆಮೇಲೆ ಉಳಿದದ್ದು ಕೊಡುತ್ತಾರೆ. ಸಾಲ ಮಾಡುವುದಕ್ಕಿಂತ ಈ ದಾರಿ ವಾಸಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಾರಾಟವಾಗದ ಪ್ರತಿಗಳು ಯಾರ ತಲೆಗೆ ಎಂಬ ಸಾಲನ್ನು ಮಾತ್ರ ಎರಡು ಸಲ ಓದಿ.

ತಟ್ಟೆಗಳ ಮಾತು ಬಂದಾಗ ಒಂದು ಹಳೆಯ ಕಥೆ ನೆನಪಾಗುತ್ತದೆ. ಬಾಂಬೆಯ ಸಿನಿಮಾ ಸ್ಟುಡಿಯೋಗಳಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಎಂಬ ಎಲೆಕ್ಟ್ರಾನಿಕ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದ ಎಲ್‌ಪಿ ಮಾಡಿದರು. ಆಗ ಅದನ್ನು ಕೇಳಿದವರು ಬಹಳ ಕಡಿಮೆ. ಅದೇ 303ರಿಂದ ಶಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ಸಂಗೀತ ಬಂದದ್ದು ಎಂಬತ್ತರ ದಶಕದ ದ್ವಿತೀಯಾರ್ಧದಲ್ಲಿ. 2010ರಲ್ಲಿ ಡಚ್ ಲೇಬಲ್ ಒಂದು ಆ ಎಲ್‌ಪಿಯನ್ನು ಮತ್ತೆ ಹೊರತಂದಾಗ ಜಗತ್ತಿನ ಡಿಜೆಗಳು ಬೆರಗಾದರು. ಎಪ್ಪತ್ತು ದಾಟಿದ ಚರಣ್‌ಜಿತ್ ವಿದೇಶದ ವೇದಿಕೆಗಳಲ್ಲಿ ಅದನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು. ಲೇಬಲ್ ನಡೆಸುವ ನಾನು ಈ ಕಥೆಯನ್ನು ಹಣದ ಕಣ್ಣಿನಿಂದಲೂ ನೋಡುತ್ತೇನೆ. ಒಂದು ರೆಕಾರ್ಡಿಂಗ್ ಇಪ್ಪತ್ತೆಂಟು ವರ್ಷ ಕಾದು ಫಲ ಕೊಡಬಹುದು, ಅಡಿಕೆ ಸಸಿ ನೆಟ್ಟಷ್ಟೇ ತಾಳ್ಮೆಯ ಕೆಲಸ ಇದು. ಆದ್ದರಿಂದ ನಾವು ಯಾರ ಸಂಗೀತವನ್ನೂ ಶಾಶ್ವತವಾಗಿ ಬರೆಸಿಕೊಳ್ಳುವುದಿಲ್ಲ. ಏಳು ವರ್ಷದ ಲೈಸೆನ್ಸ್, ಆಮೇಲೆ ಮಾಸ್ಟರ್ ರೆಕಾರ್ಡಿಂಗ್ ಸಂಗೀತ ಮಾಡಿದವರ ಕೈಗೆ ವಾಪಸ್. ಸಂಯೋಜಕರ ರಾಯಲ್ಟಿ ಪಾಲನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲಾಗದು ಎಂದು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯೇ ಹೇಳುತ್ತದೆ. ಎಲ್ಲ ಹಕ್ಕೂ ನಮಗೆ ಎಂದು ಬರೆದ ಕಾಗದ ಯಾರಾದರೂ ಮುಂದಿಟ್ಟರೆ ಹೊಸಬರು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸ್ವಂತದ ಉಳಿತಾಯದಲ್ಲಿ ನನ್ನ ಮೊದಲ ಖರ್ಚು ಕಿವಿಗೆ. 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ಇರಬಹುದಾದರೆ, 100 ಡೆಸಿಬೆಲ್ಲಿನಲ್ಲಿ ಸುರಕ್ಷಿತವೆಂದು ಹೇಳುವುದು ಹದಿನೈದು ನಿಮಿಷ ಮಾತ್ರ. ಕಿವಿಯ ಅಚ್ಚು ತೆಗೆದು ಮಾಡಿಸಿದ ಪ್ಲಗ್‌ನ ಬೆಲೆ ಹೊಸ ಸಿಂಥ್‌ಗಿಂತ ಎಷ್ಟೋ ಕಡಿಮೆ. ಕಿವಿ ಹೋದರೆ ನನ್ನ ಹಗಲಿನ ಕೆಲಸವೂ ಹೋಗುತ್ತದೆ, ರಾತ್ರಿಯದೂ ಹೋಗುತ್ತದೆ. ನಮಗೆ ಪಿಎಫ್ ಇಲ್ಲ, ಮಳೆಗಾಲದಲ್ಲಿ ಗಿಗ್ ರದ್ದಾದರೆ ಕೇಳುವವರಿಲ್ಲ. ಆರು ತಿಂಗಳ ಮನೆ ಖರ್ಚು ಎಫ್‌ಡಿಯಲ್ಲಿ ಕೂರುವ ತನಕ ನಾನು ಯಾವ ಹೊಸ ಯಂತ್ರವನ್ನೂ ಕೊಂಡಿರಲಿಲ್ಲ.

ನಮ್ಮ ಒಪ್ಪಂದದಲ್ಲಿ ಇತ್ತೀಚೆಗೆ ಒಂದು ಸಾಲು ಸೇರಿಸಿದ್ದೇವೆ. ಭಾರತದಲ್ಲಿ ಸಂಯೋಜನೆಯ ಕಾಪಿರೈಟ್ ಸಂಯೋಜಕರು ತೀರಿದ ಮೇಲೂ 60 ವರ್ಷ ಉಳಿಯುತ್ತದೆ, ರೆಕಾರ್ಡಿಂಗಿನದು ಪ್ರಕಟವಾದ ಮೇಲೆ 60 ವರ್ಷ. ಬ್ಯಾಂಕಿನ ಪಾಸ್‌ಬುಕ್ಕಿಗೆ ನಾಮಿನಿ ಬರೆಸುವ ನಾವು ಸಂಗೀತಕ್ಕೆ ಬರೆಸುವುದಿಲ್ಲ. ಈಗ ಪ್ರತಿ ಕಲಾವಿದರೂ ತಮ್ಮ ನಂತರ ಪಾಲು ಯಾರಿಗೆ ಹೋಗಬೇಕು ಎಂದು ಹೆಸರು, ಸಂಬಂಧ, ಖಾತೆ ಸಂಖ್ಯೆ ಕೊಡಬೇಕು. ಇಪ್ಪತ್ತೆರಡು ವರ್ಷದ ಹುಡುಗರು ಆ ಕಾಲಂ ನೋಡಿ ಮುಜುಗರ ಪಡುತ್ತಾರೆ. ಹೆಚ್ಚಿನವರು ಅಮ್ಮನ ಹೆಸರು ಬರೆಯುತ್ತಾರೆ. ಡೊಳ್ಳಿನ ಯಜಮಾನರು ಮಾತ್ರ ತಮ್ಮ ಪಾಲನ್ನು ತಂಡಕ್ಕೇ ಬರೆಸಿ, ಹೊಸ ಡೊಳ್ಳು ಕಟ್ಟಿಸಲು ಎಂದು ಷರತ್ತನ್ನೂ ಹಾಕಿಸಿದ್ದಾರೆ.