ಬಾಡಿಗೆ ಕಾರು ಹತ್ತುವ ಮುಂಚೆ, ಪುಟ್ಟಿ

ಪುಟ್ಟಿ,

ಡಿಸೆಂಬರ್‌ನಲ್ಲಿ ನೀವು ನಾಲ್ಕು ಜನ ಗೆಳತಿಯರು ನ್ಯೂಜಿಲೆಂಡ್‌ಗೆ ಹೋಗಿ, ಕಾರು ಬಾಡಿಗೆಗೆ ಹಿಡಿದು ದಕ್ಷಿಣ ದ್ವೀಪ ಸುತ್ತುತ್ತೀರಿ ಅಂತ ನಿಮ್ಮಪ್ಪ ಹೇಳಿದ. ಅವನ ಮುಖದಲ್ಲಿ ಖುಷಿಯೂ ಇತ್ತು, ಕಳವಳವೂ ಇತ್ತು. "ನೀನೇ ಒಂದು ಮಾತು ಹೇಳಣ್ಣ, ನಾನು ಹೇಳಿದರೆ ಹೆದರಿಸ್ತೀಯ ಅಂತಾಳೆ" ಅಂದ. ನಾನೂ ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಖಂಡಿತ ಹೋಗಿ ಬಾ. ನಾನೂ ದೊಡ್ಡಮ್ಮನೂ ಆ ರಸ್ತೆಗಳಲ್ಲಿ ಓಡಾಡಿದ್ದೇವೆ, ಅಷ್ಟು ಚೆಂದದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅದೇ ದಾರಿಯಲ್ಲಿ ನಾನು ಕಾರು ಗುದ್ದಿಸಿದ್ದು ನಿನಗೆ ಗೊತ್ತಿಲ್ಲ. ಆಗ ನೀನಿನ್ನೂ ಹೈಸ್ಕೂಲಿನಲ್ಲಿದ್ದೆ. ಊರಲ್ಲಿ ಯಾರಿಗೂ ಹೇಳೋದು ಬೇಡ ಅಂತ ದೊಡ್ಡಮ್ಮ ಅಂದಿದ್ದಳು. ಈಗ ಅವಳೇ "ಬರೀರಿ, ಅವಳಿಗೆ ಬೇಕಾಗುತ್ತೆ" ಅಂದಳು.

ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸೋದು, ಸ್ಟೀರಿಂಗ್ ಬಲಗಡೆ. ಆ ಪರಿಚಿತತನವೇ ನಮ್ಮನ್ನು ಮೈಮರೆಸುತ್ತೆ. ನಾವು ಫಾಕ್ಸ್ ಗ್ಲೇಸಿಯರ್‌ನಿಂದ ಹಾಸ್ಟ್ ಕಡೆಗೆ 6ನೇ ನಂಬರ್ ಹೆದ್ದಾರಿಯಲ್ಲಿ ಹೋಗುತ್ತಿದ್ದೆವು. ಮಲೆನಾಡಿನ ಆಷಾಢದಂಥ ಮಳೆ. ಹೆದ್ದಾರಿ ಅಂದರೂ ಒಂದು ಕಡೆಗೆ ಒಂದೇ ಸಾಲು, ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ನಡುನಡುವೆ ಒಂದು ಗಾಡಿ ಮಾತ್ರ ಹಿಡಿಯುವ ಸೇತುವೆಗಳು. ಅಂಥ ಸೇತುವೆಗೆ ಮುಂಚೆ ಒಂದು ಬೋರ್ಡು ಇರುತ್ತೆ, ಅದರಲ್ಲಿ ಎರಡು ಬಾಣ. ನಿನ್ನ ಕಡೆಯಿಂದ ಮೇಲಕ್ಕೆ ಹೋಗುವ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನೀನು ನಿಂತು, ಎದುರಿನವರಿಗೆ ದಾರಿ ಬಿಡಬೇಕು. ನಾನು ಆ ಕೆಂಪು ಬಾಣವನ್ನು ತಡವಾಗಿ ನೋಡಿದೆ. ಎದುರಿಗೆ ಆಗಲೇ ಒಂದು ಕ್ಯಾಂಪರ್ ವ್ಯಾನು ಸೇತುವೆ ಮೇಲಿತ್ತು. ಬ್ರೇಕ್ ಒತ್ತಿದೆ, ಎಡ ಚಕ್ರ ರಸ್ತೆಯಂಚಿನ ಜಲ್ಲಿಗೆ ಇಳಿಯಿತು, ಕಾರು ಜಾರಿಕೊಂಡು ಹೋಗಿ ಸೇತುವೆಯ ಕಂಬಕ್ಕೆ ಬಡಿಯಿತು. ದೊಡ್ಡಮ್ಮ ಕೂತಿದ್ದು ಎಡಗಡೆ.

ಆಮೇಲಿನ ಒಂದೆರಡು ನಿಮಿಷ ನನ್ನ ತಲೆಯಲ್ಲಿ ಏನು ಓಡಿತು ಅನ್ನುವುದನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲು ಬಂದದ್ದು ದುಡ್ಡಿನ ಯೋಚನೆ. ಕ್ರೆಡಿಟ್ ಕಾರ್ಡಿನಲ್ಲಿ ಎಷ್ಟು ಹಿಡಿಯುತ್ತಾರೋ ಅಂತ. ಪಕ್ಕದಲ್ಲಿ ಅವಳು ಎದೆ ಹಿಡಿದುಕೊಂಡು ಕೂತಿದ್ದಾಳೆ, ನಾನು ಬಂಪರ್ ನೋಡಲು ಇಳಿಯುತ್ತಿದ್ದೇನೆ. 31 ವರ್ಷ ಇನ್ಶೂರೆನ್ಸ್ ಕಂಪನಿಯಲ್ಲಿ ಮೋಟಾರ್ ಕ್ಲೇಮು ನೋಡಿದವನು ನಾನು, ನನಗೇ ಹಾಗಾಯಿತು. ನಿನಗೂ ಹಾಗಾದೀತು. ಆಗ ಕಾರಿನ ಕಡೆ ನೋಡಬೇಡ, ಜನರ ಕಡೆ ನೋಡು.

ಕ್ಯಾಂಪರ್ ವ್ಯಾನಿನ ಹಿಂದೆ ಒಂದು ಹಳೇ ಪಿಕಪ್ ಬಂತು. ಅದರಿಂದಿಳಿದವರು ಅಲ್ಲಿನ ದನ ಸಾಕುವ ಮನೆಯ ಹೆಂಗಸು, ಅರವತ್ತರ ಹತ್ತಿರದವರು, ಮಂಡಿವರೆಗೆ ರಬ್ಬರ್ ಬೂಟು. ಅವರು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸಿದರು. ದೊಡ್ಡಮ್ಮನಿಗೆ ಏಳಬೇಡಿ ಅಂದು ಕಂಬಳಿ ಹೊದಿಸಿದರು. ನನ್ನ ಕಾರಿನ ನಾಲ್ಕೂ ದೀಪ ಮಿನುಗುವ ಹಾಗೆ ಮಾಡಿಸಿ, ಇಂಜಿನ್ ಆಫ್ ಮಾಡಿಸಿದರು. ವ್ಯಾನಿನ ಹುಡುಗನನ್ನು ಸೇತುವೆಯ ಆಚೆ ತುದಿಗೆ ಕಳಿಸಿ, ಬರುವ ಗಾಡಿಗಳಿಗೆ ಕೈ ತೋರಿಸಲು ನಿಲ್ಲಿಸಿದರು. ನನ್ನನ್ನು ರಸ್ತೆಯಿಂದ ಆಚೆ ನಿಲ್ಲಿಸಿದರು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಸೇತುವೆ ಪಕ್ಕದ ಬೋರ್ಡಿನಲ್ಲಿದ್ದ ಹಳ್ಳದ ಹೆಸರು ಓದಿಕೊಂಡು, ಸಿಗ್ನಲ್ ಸಿಗುವಲ್ಲಿವರೆಗೆ ತಮ್ಮ ಗಾಡಿ ಓಡಿಸಿ 111ಕ್ಕೆ ಫೋನ್ ಮಾಡಿ ವಾಪಸ್ ಬಂದರು. ಪೊಲೀಸ್, ಆಂಬುಲೆನ್ಸ್, ಬೆಂಕಿ ಆರಿಸುವವರು, ಮೂವರಿಗೂ ಅದೊಂದೇ ನಂಬರ್. ಹೆಸರಿದ್ದ ಕಾರಣ ಆಂಬುಲೆನ್ಸಿನವರಿಗೆ ನಾವೆಲ್ಲಿದ್ದೇವೆ ಅಂತ ತಿಳಿಯಿತು. ಅದಕ್ಕೇ ನೀನು ಕಾರಿನಲ್ಲಿ ಕೂತಿರುವಾಗ ದಾಟಿದ ಸೇತುವೆಗಳ, ಊರುಗಳ ಹೆಸರನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾ ಇರು.

ನಮ್ಮೂರಲ್ಲಿ ಹೀಗಾದರೆ ಜನ ಸೇರುತ್ತಾರೆ, ಯಾರೋ ದೊಡ್ಡ ದನಿಯವರು ಪಂಚಾಯ್ತಿ ಮಾಡುತ್ತಾರೆ, ಐದು ಸಾವಿರವೋ ಹತ್ತು ಸಾವಿರವೋ ಕೈ ಬದಲಾಗಿ "ಅಲ್ಲೇ ಸೆಟ್ಲ್ ಆಯ್ತು" ಅಂತ ಮನೆಗೆ ಬರುತ್ತೇವೆ. ಆ ರೂಢಿ ಅಲ್ಲಿಗೆ ಒಯ್ಯಬೇಡ. ಗುದ್ದಿದ ಮೇಲೆ ನಿಲ್ಲಲೇಬೇಕು, ಯಾರಿಗಾದರೂ ಪೆಟ್ಟಾಗಿದೆಯೇ ನೋಡಲೇಬೇಕು, ಅದು ಅಲ್ಲಿನ ಕಾನೂನು. ಪೆಟ್ಟಾಗಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಯಾರೂ ಇಲ್ಲದ ಕಡೆ ನಿಲ್ಲಿಸಿದ ಕಾರಿಗೋ ಬೇಲಿಗೋ ತಾಗಿಸಿದ್ದರೆ 48 ಗಂಟೆಯೊಳಗೆ ಅದರ ಒಡೆಯರಿಗೆ ಹೇಳಬೇಕು; ಅವರು ಸಿಗದಿದ್ದರೆ 60 ಗಂಟೆಯೊಳಗೆ ಪೊಲೀಸರಿಗೆ. ತುರ್ತಿಲ್ಲದ ಪೊಲೀಸ್ ಮಾತಿಗೆ 105 ಅಂತ ಬೇರೆ ನಂಬರ್ ಇದೆ. ಎದುರಿನವರಿಗೆ ನಿನ್ನ ಹೆಸರು, ವಿಳಾಸದ ಜೊತೆ ಕಾರಿನ ಒಡೆಯರ ವಿವರವನ್ನೂ ಕೊಡಬೇಕು. ಇಲ್ಲಿ ಒಡೆಯರು ಬಾಡಿಗೆ ಕಂಪನಿ, ಆದ್ದರಿಂದ ಅಗ್ರಿಮೆಂಟಿನ ಪ್ರತಿ ಕಾರಿನಲ್ಲೇ ಇರಲಿ. ಪೆಟ್ಟಾದವರನ್ನು ಬಿಟ್ಟು ಹೋದವರಿಗೆ ಅಲ್ಲಿ 5 ವರ್ಷದವರೆಗೆ ಜೈಲಾಗಬಹುದು. ಅಜಾಗರೂಕತೆಯಿಂದ ಓಡಿಸಿ ಪೆಟ್ಟು ಮಾಡಿದ ತಪ್ಪಿಗೆ ಅದು ಹೆಚ್ಚೆಂದರೆ 3 ತಿಂಗಳು. ತಪ್ಪಿಗಿಂತ ಓಡಿಹೋಗುವುದು ಆ ಕಾನೂನಿನ ಕಣ್ಣಿಗೆ ಎಷ್ಟು ದೊಡ್ಡದು ನೋಡು.

ನನ್ನ ವಿಷಯಕ್ಕೆ ಬಂದರೆ, ಪೊಲೀಸರು ಬಂದವರೇ ಉಸಿರು ಊದಿಸಿದರು, ಅದು ಎಲ್ಲರಿಗೂ ಮಾಡುವ ಪರೀಕ್ಷೆ, ಅವಮಾನ ಅಂದುಕೊಳ್ಳಬೇಡ. ಏನಾಯಿತು ಅಂತ ಕೇಳಿದರು. ವ್ಯಾನು ಜೋರಾಗಿ ಬಂತು ಅಂದುಬಿಡಲು ನಾಲಿಗೆ ತುದಿವರೆಗೆ ಬಂದಿತ್ತು. ಆ ಹುಡುಗ ಮಳೆಯಲ್ಲಿ ನೆನೆದುಕೊಂಡು ನಮಗಾಗಿ ಸೇತುವೆ ತುದಿಯಲ್ಲಿ ನಿಂತಿದ್ದ. ಬಾಣವನ್ನು ತಡವಾಗಿ ನೋಡಿದೆ, ಬ್ರೇಕ್ ಹಾಕಿದೆ, ಜಾರಿತು, ಅಷ್ಟನ್ನೇ ಹೇಳಿದೆ. ಬರೆದುಕೊಂಡರು, ಓದಿಸಿದರು, ಸಹಿ ಹಾಕಿಸಿಕೊಂಡರು, ಎಚ್ಚರಿಕೆ ಕೊಟ್ಟು ಬಿಟ್ಟರು.

ಇಲ್ಲೊಂದು ಸೂಕ್ಷ್ಮ ಇದೆ, ಪುಟ್ಟಿ. ಏನಾಯಿತು ಅಂತ ಹೇಳುವುದು ಒಂದು, ಖರ್ಚು ಯಾರ ತಲೆಗೆ ಅಂತ ತೀರ್ಮಾನ ಕೊಡುವುದು ಇನ್ನೊಂದು. ಮೊದಲನೆಯದನ್ನು ಪೊಲೀಸರಿಗೆ ಪೂರ್ತಿ ಹೇಳು. ಎರಡನೆಯದು ಇನ್ಶೂರೆನ್ಸಿನವರ ಕೆಲಸ. ಎದುರಿನವರಿಗೆ "ನೋವಾಯ್ತಾ? ಏನು ಬೇಕು?" ಅಂತ ಬಾಯ್ತುಂಬಾ ಕೇಳು. ಆದರೆ "ಎಲ್ಲಾ ನನ್ನದೇ, ನಿಮ್ಮ ಗಾಡಿ ಖರ್ಚು ನಾನೇ ಕೊಡ್ತೀನಿ" ಅಂತ ಮಾತು ಕೊಡಬೇಡ; ಕಂಪನಿಯನ್ನು ಕೇಳದೆ ಕೊಟ್ಟ ಮಾತು ಪಾಲಿಸಿಯನ್ನೇ ಕೆಡಿಸಬಹುದು. ಅಲ್ಲಿ ಗಾಡಿಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಲ್ಲ, ನಮ್ಮಲ್ಲಿ ಹಾಗಲ್ಲವಲ್ಲ. ಎದುರಿನವರ ಬಳಿ ವಿಮೆ ಇಲ್ಲದೆಯೂ ಇರಬಹುದು. ಅವರ ಹೆಸರು, ಫೋನ್, ಲೈಸೆನ್ಸ್, ನಂಬರ್ ಪ್ಲೇಟು ಎಲ್ಲದರ ಫೋಟೊ ತೆಗೆದುಕೋ. ಎರಡೂ ಗಾಡಿಗಳು ಕದಲುವ ಮುಂಚೆ ದೂರದಿಂದ ಒಂದು, ರಸ್ತೆ, ಬೋರ್ಡು, ಚಕ್ರದ ಗುರುತು ಎಲ್ಲ ಕಾಣುವ ಹಾಗೆ. ನೋಡಿದವರ ನಂಬರ್ ತಪ್ಪದೆ ಇಸಕೋ, ಕತ್ತಲಾಗುವ ಹೊತ್ತಿಗೆ ಅವರು ಹೋಗಿಬಿಟ್ಟಿರುತ್ತಾರೆ.

ಈಗ ನಾನು ಬರೆಯಲೇಬೇಕು ಅಂತ ಕೂತ ವಿಷಯ. ನಾಲ್ಕು ಜನ ಹೋಗುತ್ತೀರಿ. ಅಗ್ರಿಮೆಂಟಿನಲ್ಲಿ ಯಾರು ಯಾರು ಓಡಿಸುತ್ತಾರೆ ಅಂತ ಹೆಸರು ಬರೆಸುತ್ತಾರೆ, ಹೆಚ್ಚಿನ ಹೆಸರಿಗೆ ಹೆಚ್ಚಿನ ದುಡ್ಡು ಕೇಳುವುದುಂಟು. ಅದನ್ನು ಉಳಿಸಲು ಒಬ್ಬಳ ಹೆಸರು ಬರೆಸುತ್ತೀರಿ. ಮೂರನೇ ದಿನ ಅವಳಿಗೆ ಸುಸ್ತು, ನಾಲ್ಕು ಗಂಟೆ ದಾರಿ ಬಾಕಿ, "ಸ್ವಲ್ಪ ದೂರ ನಾನು ಓಡಿಸ್ತೀನಿ" ಅಂತ ಇನ್ನೊಬ್ಬಳು ಕೂರುತ್ತಾಳೆ. ಆಗಲೇ ಏನಾದರೂ ಆಯಿತು ಅನ್ನು. ಹೆಸರಿಲ್ಲದವರು ಓಡಿಸಿದರೆ ವಿಮೆ ಇಲ್ಲ. ಕಾರಿನ ಬೆಲೆಯಷ್ಟೂ ನಿಮ್ಮ ಮೇಲೆ ಬರಬಹುದು. ಆಗ ಒಬ್ಬಳು ಹೇಳಿಯೇ ಹೇಳುತ್ತಾಳೆ, ಓಡಿಸಿದ್ದು ನೀನು ಅಂತ ಹೇಳೋಣ ಅಂತ. ಪ್ರೀತಿಯಿಂದಲೇ ಹೇಳುತ್ತಾಳೆ.

ನನ್ನ ಸರ್ವೀಸಿನಲ್ಲಿ ಇದೇ ಸುಳ್ಳನ್ನು ನಾನು ಎಷ್ಟು ಸಲ ಕಂಡೆನೋ. ಮಗ ಓಡಿಸಿರುತ್ತಾನೆ, ಲೈಸೆನ್ಸ್ ಇರುವುದಿಲ್ಲ, ಫಾರಂನಲ್ಲಿ ಅಪ್ಪನ ಹೆಸರು. ಸೀಟ್ ಬೆಲ್ಟಿನ ಗುರುತು ನೋಡಿದ್ದೀಯಾ? ಜೋರಾಗಿ ಬಡಿದಾಗ ಬೆಲ್ಟು ಮೈಮೇಲೆ ನೀಲಿಗಟ್ಟಿದ ಪಟ್ಟಿ ಬಿಡುತ್ತೆ. ನಮ್ಮಂಥ ಕಾರಿನಲ್ಲಿ ಓಡಿಸುವವರ ಬಲ ಭುಜದಿಂದ ಎಡ ಸೊಂಟದ ಕಡೆಗೆ, ಪಕ್ಕದ ಸೀಟಿನವರಿಗೆ ಎಡ ಭುಜದಿಂದ ಬಲ ಸೊಂಟದ ಕಡೆಗೆ. ಓಡಿಸಿದ್ದು ನಾನೇ ಅಂತ ಬರೆದುಕೊಟ್ಟ ಒಬ್ಬ ಅಪ್ಪನ ಅಂಗಿ ಗುಂಡಿ ಬಿಚ್ಚಿಸಿ ಡಾಕ್ಟರು ನೋಡಿದಾಗ ಪಟ್ಟಿ ಎಡ ಭುಜದ ಮೇಲಿತ್ತು. ಆಸ್ಪತ್ರೆಯ ವರಾಂಡದಲ್ಲಿ ಅವರು ತಲೆ ತಗ್ಗಿಸಿ ನಿಂತದ್ದು ಈಗಲೂ ನನ್ನ ಕಣ್ಣ ಮುಂದಿದೆ. ಕ್ಲೇಮು ಹೋಯಿತು, ಮೇಲೆ ಕೇಸೂ ಬಿತ್ತು. ಪರದೇಶದಲ್ಲಿ ಪೊಲೀಸರ ಮುಂದೆ ಆ ಸುಳ್ಳು ಹೇಳುವುದು ಬೇರೆಯೇ ಅಪರಾಧ, ವಿಮಾನ ಹತ್ತುವುದು ತಪ್ಪಬಹುದು. ಆದ್ದರಿಂದ ಕೌಂಟರಿನಲ್ಲೇ ಓಡಿಸುವ ಎಲ್ಲರ ಹೆಸರೂ ಬರೆಸಿ. ದುಡ್ಡು ಹೆಚ್ಚಾದರೆ ನನ್ನನ್ನು ಕೇಳು, ನಾನು ಕೊಡುತ್ತೇನೆ. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ.

ದೊಡ್ಡಮ್ಮನಿಗೆ ಪಕ್ಕೆಲುಬು ಒಂದು ಬಿರುಕು ಬಿಟ್ಟಿತ್ತು. ಕ್ಲಿನಿಕ್ಕಿನಲ್ಲಿ ನಾನು ಪರ್ಸು ಕೈಯಲ್ಲಿ ಹಿಡಿದು ನಿಂತಿದ್ದೆ, ಬಿಲ್ ಎಷ್ಟಾಗುತ್ತೋ ಅಂತ. ಅಲ್ಲಿದ್ದ ಹುಡುಗಿ ಒಂದು ಫಾರಂ ತುಂಬಿಸಿದಳು, ಎಸಿಸಿ ಕ್ಲೇಮು ಅಂತ. ಆ ದೇಶದಲ್ಲಿ ಯಾರ ತಪ್ಪು ಅಂತ ಕೇಳದೆ, ಅಪಘಾತದಲ್ಲಿ ಪೆಟ್ಟಾದವರ ಚಿಕಿತ್ಸೆಗೆ ಸರ್ಕಾರಿ ನಿಧಿಯೇ ನೆರವಾಗುತ್ತೆ, ನಮ್ಮಂಥ ಪ್ರವಾಸಿಗಳಿಗೂ. ಓವನ್ ವುಡ್‌ಹೌಸ್ ಅನ್ನುವ ನ್ಯಾಯಾಧೀಶರು 1967ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ್ದು, 1974ರ ಏಪ್ರಿಲ್‌ನಿಂದ ನಡೆದುಕೊಂಡು ಬಂದಿದೆ. ಅದಕ್ಕೆ ಪ್ರತಿಯಾಗಿ, ಪೆಟ್ಟಿಗೆ ಪರಿಹಾರ ಕೊಡಿ ಅಂತ ಗುದ್ದಿದವರ ಮೇಲೆ ದಾವೆ ಹೂಡುವ ಹಕ್ಕನ್ನು ಜನ ಬಿಟ್ಟುಕೊಟ್ಟಿದ್ದಾರೆ. ನನ್ನ ಕಸುಬಿನ ಕಣ್ಣಿನಿಂದ ನೋಡಿದರೆ ಅದಕ್ಕಿಂತ ಮಾನವೀಯವಾದ ವಿಮೆಯನ್ನು ನಾನು ಕಂಡಿಲ್ಲ. ಮೋಟಾರು ಅಪಘಾತದ ಟ್ರಿಬ್ಯೂನಲ್‌ಗಳ ಬೆಂಚಿನ ಮೇಲೆ ವರ್ಷಗಟ್ಟಲೆ ಕೂತ ವಿಧವೆಯರನ್ನು ನೋಡಿದವನು ನಾನು.

ಆದರೆ ಅದು ಎಲ್ಲವನ್ನೂ ಕೊಡುವುದಿಲ್ಲ. ಡಾಕ್ಟರು ತಮ್ಮ ಪಾಲಿನ ಫೀಸು ಕೇಳಬಹುದು. ಟಿಕೆಟ್ ಬದಲಾಯಿಸಿದ ಖರ್ಚು, ಹೋಟೆಲಿನಲ್ಲಿ ಹೆಚ್ಚಿಗೆ ಉಳಿದದ್ದು, ಇಲ್ಲಿ ತಪ್ಪಿಹೋದ ಸಂಬಳ ಅದರ ಲೆಕ್ಕಕ್ಕೆ ಬರುವುದಿಲ್ಲ. ಜ್ವರ, ಹೊಟ್ಟೆನೋವಿಗೂ ಅದಿಲ್ಲ. ಹಾಗಾಗಿ ಟ್ರಾವೆಲ್ ಪಾಲಿಸಿ ಬಿಡಬೇಡ. ಗುದ್ದಿದ ದಿನ ಏನೂ ಅನ್ನಿಸದೆ ಮಾರನೇ ದಿನ ಕತ್ತು ಹಿಡಿದುಕೊಳ್ಳುವುದುಂಟು. "ಊರಿಗೆ ಹೋಗಿ ತೋರಿಸ್ತೀನಿ" ಅನ್ನಬೇಡ, ಅಲ್ಲಿರುವಾಗಲೇ ಡಾಕ್ಟರ ಹತ್ತಿರ ಹೋಗಿ ಕ್ಲೇಮು ಬರೆಸು.

ಇನ್ನು ದುಡ್ಡು. ಅಪಘಾತವಾದಾಗ ನಿಮ್ಮ ಜೇಬಿನಿಂದ ಹೋಗುವ ಮೊತ್ತಕ್ಕೆ ಎಕ್ಸೆಸ್ ಅನ್ನುತ್ತಾರೆ, ಸಾವಿರಾರು ಡಾಲರ್ ಇರುತ್ತೆ. ದಿನಕ್ಕಿಷ್ಟು ಅಂತ ಕಟ್ಟಿ ಅದನ್ನು ಇಳಿಸಿಕೊಳ್ಳಬಹುದು. ಆ ರಸ್ತೆಗಳಿಗೆ ಇಳಿಸಿಕೊಳ್ಳುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಇಳಿಸಿಕೊಂಡರೂ ಟೈರು, ಗಾಜು, ಕಾರಿನ ಹೊಟ್ಟೆ, ತಪ್ಪು ಇಂಧನ, ಇವು ಸೇರಿವೆಯೋ ಇಲ್ಲವೋ ಓದಿ ನೋಡು. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಯಂಥ ಕಡೆ ಹೋದರೆ ಸಾಮಾನ್ಯವಾಗಿ ಯಾವ ಬಾಡಿಗೆ ವಿಮೆಯೂ ನಡೆಯುವುದಿಲ್ಲ. ಗುದ್ದಿದ ಮೇಲೆ ಕಂಪನಿಯ ಸಹಾಯದ ನಂಬರಿಗೆ ಅದೇ ದಿನ ಫೋನ್ ಮಾಡು, ಅವರನ್ನು ಕೇಳದೆ ಕಾರನ್ನು ಎಳೆಸಬೇಡ, ಗ್ಯಾರೇಜಿಗೆ ಬಿಡಬೇಡ.

ಕಾರು ತಗೊಂಡ ದಿನ ದೊಡ್ಡಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ಹದಿನಾಲ್ಕು ಫೋಟೊ ತೆಗೆದಿದ್ದಳು. ನನಗೆ ಹೊರಡುವ ಅವಸರ, ಸಾಕು ಬಾ ಅಂದಿದ್ದೆ. ಊರಿಗೆ ಬಂದು ಮೂರು ವಾರಕ್ಕೆ ಕಂಪನಿಯಿಂದ ಬಂದ ಲೆಕ್ಕದಲ್ಲಿ ಎಡಗಡೆಯ ಹಾನಿಯ ಜೊತೆ ಹಿಂಬದಿ ಬಂಪರಿನ ಗೀರೂ ಸೇರಿತ್ತು. ಅವಳ ಒಂಬತ್ತನೇ ಫೋಟೊದಲ್ಲಿ ಆ ಗೀರು ಆಗಲೇ ಇತ್ತು, ಕಂಪನಿಯ ಪಾರ್ಕಿಂಗ್ ಗೆರೆಯ ಸಮೇತ, ದಿನ, ಗಂಟೆ ಎಲ್ಲ ಇತ್ತು. ಕಳಿಸಿದೆವು, ಅಷ್ಟು ಮೊತ್ತ ವಾಪಸ್ ಬಂತು. ನೀನೂ ಸುತ್ತಿ ಬಾ, ಚಕ್ರಗಳನ್ನೂ ಬಿಡಬೇಡ.

ಪಾಸ್‌ಪೋರ್ಟ್, ಲೈಸೆನ್ಸ್, ಅಗ್ರಿಮೆಂಟು, ಪಾಲಿಸಿಯ ಫೋಟೊಗಳನ್ನು ಹೊರಡುವ ಮುಂಚೆ ನನಗೂ ನಿಮ್ಮಪ್ಪನಿಗೂ ಕಳಿಸು. ಡಿಸೆಂಬರ್‌ನಲ್ಲಿ ಅವರು ನಮಗಿಂತ ಏಳೂವರೆ ಗಂಟೆ ಮುಂದೆ. ನಿನಗೆ ಬೆಳಿಗ್ಗೆ ಒಂಬತ್ತೂವರೆ ಆದಾಗ ಇಲ್ಲಿ ರಾತ್ರಿ ಎರಡು. ಏನಾದರೂ ಆದರೆ ಬೆಳಗಾಗಲಿ ಅಂತ ಕಾಯಬೇಡ. ನೀನು ವಾಪಸ್ ಬರುವವರೆಗೂ ನನ್ನ ಫೋನು ದಿಂಬಿನ ಪಕ್ಕದಲ್ಲೇ ಇರುತ್ತೆ, ದೊಡ್ಡಮ್ಮನದೂ.

ನಿನ್ನ
ದೊಡ್ಡಪ್ಪ