ಇನ್ವರ್ಟರ್ ತಂತಿಗೆ ಪೆಟ್ಟಾದಾಗ ರೈತರು ಮಾಡಬೇಕಾದುದೇನು?

ಸಂಜೆ ಹಾಲು ಕರೆಯುವ ಹೊತ್ತಿಗೆ ಕರೆಂಟು ಹೋದರೆ ಇಂದು ಅನೇಕ ರೈತರ ಮನೆಗಳಲ್ಲಿ ಲಾಟೀನು ಹುಡುಕುವುದಿಲ್ಲ. ಮೂಲೆಯಲ್ಲಿರುವ ಇನ್ವರ್ಟರ್ ತಾನಾಗಿಯೇ ದೀಪ ಹೊತ್ತಿಸುತ್ತದೆ. ಆದರೆ ಅದರ ತಂತಿಗಳನ್ನು ಇಲಿ ಕಡಿಯುವುದುಂಟು. ಹಬ್ಬಕ್ಕೆ ಸುಣ್ಣ ಬಳಿಯಲು ಬ್ಯಾಟರಿ ಸರಿಸಿದವರು ಕೆಂಪು, ಕಪ್ಪು ತಂತಿಗಳನ್ನು ಅದಲು ಬದಲು ಜೋಡಿಸುವುದುಂಟು. ಗೋಡೆಗೆ ಹೊಡೆದ ಮೊಳೆ ಒಳಗಿನ ತಂತಿಗೆ ತಗಲುವುದೂ ಉಂಟು. ಇಂಥ ವೇಳೆಯಲ್ಲಿ ಆತುರಪಟ್ಟರೆ ಯಂತ್ರ ಹಾಳಾಗುವುದಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯ.

ಎರಡು ಬಗೆಯ ಅಪಾಯ

ಬ್ಯಾಟರಿಯ ಕಡೆ ಸಾಮಾನ್ಯವಾಗಿ 12 ವೋಲ್ಟ್ ಮಾತ್ರ ಇರುತ್ತದೆ. ಇದು ಮೈಗೆ ಹೊಡೆಯುವುದಿಲ್ಲ. ಆದರೆ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕೆಂಪಗೆ ಕಾಯುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಒಂದು ಕಿಡಿ ತಗಲಿದರೂ ಬ್ಯಾಟರಿ ಸಿಡಿಯಬಹುದು.

ಇನ್ವರ್ಟರಿನಿಂದ ದೀಪಗಳಿಗೆ ಹೋಗುವ ಕಡೆ 230 ವೋಲ್ಟ್ ಇರುತ್ತದೆ. ಇದು ಕಂಬದಿಂದ ಬರುವ ಕರೆಂಟಿನಷ್ಟೇ ಮಾರಕವಾದುದು.

ಮೊದಲು ಮಾಡಬೇಕಾದುದು

ಮೇನ್ ಸ್ವಿಚ್ ಆರಿಸಿದರೆ ಸಾಕೆಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಮೇನ್ ಆರಿಸಿದೊಡನೆ ಇನ್ವರ್ಟರ್, ಕರೆಂಟು ಹೋಯಿತೆಂದು ತಿಳಿದು ತಾನೇ ಕೆಲಸಕ್ಕೆ ತೊಡಗುತ್ತದೆ. ಅದರ ಮುಂಭಾಗದ ಗುಂಡಿಯನ್ನಷ್ಟೇ ಆರಿಸಿದರೂ ಸಾಲದು. ಕರೆಂಟು ಇರುವಾಗ ಹಲವು ಇನ್ವರ್ಟರುಗಳ ಮೂಲಕ ಅದು ದೀಪಗಳಿಗೆ ಹಾಯುತ್ತಲೇ ಇರುತ್ತದೆ. ಆದ್ದರಿಂದ ಒಣಗಿದ ಕೈ, ರಬ್ಬರ್ ಮೆಟ್ಟು ಇವುಗಳೊಂದಿಗೆ ಈ ಕ್ರಮವನ್ನು ಅನುಸರಿಸಿ:

1. ಇನ್ವರ್ಟರಿನ ಗುಂಡಿಯನ್ನು ಆರಿಸಿ.
2. ಮನೆಯ ಮೇನ್ ಸ್ವಿಚ್ ಆರಿಸಿ, ಇನ್ವರ್ಟರಿನ ಪ್ಲಗ್ ಕಿತ್ತಿಡಿ.
3. ಉಂಗುರ, ಕೈಗಡಿಯಾರ ತೆಗೆದಿಟ್ಟು, ಬ್ಯಾಟರಿಯ ಕಪ್ಪು (ಋಣ) ತಂತಿಯನ್ನು ಮೊದಲು ಬಿಚ್ಚಿ, ಆಮೇಲೆ ಕೆಂಪು (ಧನ) ತಂತಿಯನ್ನು ಬಿಚ್ಚಿ.
4. ಬಿಚ್ಚಿದ ತುದಿಗಳಿಗೆ ಬಟ್ಟೆ ಸುತ್ತಿ ಬೇರೆ ಬೇರೆ ಇಡಿ.

ಬೆಂಕಿ ಹೊತ್ತಿದ್ದರೆ ನೀರು ಎರಚಬೇಡಿ. ಒಣ ಮರಳು ಹಾಕಿ. ಇನ್ವರ್ಟರಿನ ಮುಚ್ಚಳ ತೆಗೆಯಬೇಡಿ. ಕರೆಂಟು ತಪ್ಪಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು.

ಬ್ಯಾಟರಿ ತಂತಿ ತುಂಡಾಗಿದ್ದರೆ

ಗಂಟು ಹಾಕಿ ಟೇಪು ಸುತ್ತುವ ಅಭ್ಯಾಸವನ್ನು ಬಿಡಬೇಕು. ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. 500 ವಾಟ್ ದೀಪ, ಫ್ಯಾನು ನಡೆಸಲು 230 ವೋಲ್ಟಿನ ಕಡೆ 2 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ 12 ವೋಲ್ಟಿನ ಕಡೆ, ನಷ್ಟವೂ ಸೇರಿ, ಸುಮಾರು 50 ಆಂಪಿಯರ್ ಬೇಕು. ಸಡಿಲ ಗಂಟಿನಲ್ಲಿ ಕೇವಲ 0.01 ಓಮ್ ತಡೆ ಇದ್ದರೂ ಅಲ್ಲಿ 25 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಕಡ್ಡಿಯನ್ನು ಟೇಪಿನೊಳಗೆ ಮುಚ್ಚಿಟ್ಟಂತೆಯೇ ಸರಿ. ಪಕ್ಕದಲ್ಲಿ ಹುಲ್ಲಿನ ಮೆದೆಯೋ ಗೋಣಿ ಚೀಲವೋ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಹಳೆಯದರಷ್ಟೇ ದಪ್ಪ, ಅಷ್ಟೇ ಉದ್ದವಿರುವ ಹೊಸ ತಾಮ್ರದ ತಂತಿಯನ್ನು, ತುದಿಗೆ ಒತ್ತಿ ಕೂರಿಸಿದ ಲಗ್ಗಿನೊಂದಿಗೆ ಹಾಕಿಸಿ.

ಕೆಂಪು, ಕಪ್ಪು ಅದಲು ಬದಲಾಗಿದ್ದರೆ

ಜೋಡಿಸಿದ ಕ್ಷಣದಲ್ಲೇ ದೊಡ್ಡ ಕಿಡಿ ಹಾರಿ ಫ್ಯೂಸು ಹೋಗುತ್ತದೆ. ಫ್ಯೂಸು ಮಾತ್ರ ಹೋಗಿದ್ದರೆ ನಿಮ್ಮ ಅದೃಷ್ಟ. ಅದೇ ಆಂಪಿಯರಿನ ಹೊಸ ಫ್ಯೂಸನ್ನು ಹಾಕಿಸಿ, ತಂತಿಗಳನ್ನು ಸರಿಪಡಿಸಿ ನೋಡಬಹುದು. ಅದೂ ಸುಟ್ಟರೆ, ಅಥವಾ ಸುಟ್ಟ ವಾಸನೆ ಬಂದಿದ್ದರೆ, ಒಳಗಿನ ಟ್ರಾನ್ಸಿಸ್ಟರುಗಳು ಕೆಟ್ಟಿವೆಯೆಂದು ತಿಳಿದು ರಿಪೇರಿಗೆ ಕೊಡಿ. ಫ್ಯೂಸಿನ ಬದಲು ದಪ್ಪ ತಂತಿ ಕಟ್ಟುವುದು ಮನೆಗೆ ಕೊಳ್ಳಿ ಇಟ್ಟಂತೆ.

ಬ್ಯಾಟರಿಯನ್ನು ಬೇರೆಯಾಗಿ ಪರೀಕ್ಷಿಸಿ. ಚಾರ್ಜ್ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಮೀಟರಿನಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ತೋರಿದರೆ ಅದು ತುಂಬಿದೆ. ಸುಮಾರು 12.2 ತೋರಿದರೆ ಅರ್ಧ ಖರ್ಚಾಗಿದೆ.

ಗೋಡೆಯೊಳಗಿನ ತಂತಿ ಕೆಟ್ಟಿದ್ದರೆ

ಈ ಕೆಲಸ ಪರವಾನಗಿ ಪಡೆದ ವೈರ್‌ಮನ್‌ನದು. ಆದರೆ ದುರಸ್ತಿಯಾದ ಮೇಲೆ ಒಂದು ಪರೀಕ್ಷೆಯನ್ನು ಅವನಿಂದ ತಪ್ಪದೆ ಮಾಡಿಸಿ. ಇನ್ವರ್ಟರನ್ನು ಪೂರ್ತಿ ಬಿಡಿಸಿ, ಅದರ ದೀಪಗಳ ಸ್ವಿಚ್ಚುಗಳನ್ನು ಹಾಕಿ, ಮೇನ್ ಸ್ವಿಚ್ ಹಾಕಲಿ. ಇನ್ವರ್ಟರಿನ ದೀಪಗಳಲ್ಲಿ ಒಂದೂ ಹೊತ್ತಬಾರದು. ಹೊತ್ತಿದರೆ ಕಂಬದ ಕರೆಂಟು ಆ ದಾರಿಯಲ್ಲಿ ಬೆರೆತಿದೆ ಎಂದರ್ಥ. ಹಾಗೆಯೇ ಜೋಡಿಸಿದರೆ ಕರೆಂಟು ಬಂದ ಕ್ಷಣದಲ್ಲಿ ಎರಡೂ ಡಿಕ್ಕಿ ಹೊಡೆದು ಇನ್ವರ್ಟರ್ ಸುಡುತ್ತದೆ.

ಆಮ್ಲ ಚೆಲ್ಲಿದ್ದರೆ

ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ಮೈಗೆ ಬಿದ್ದರೆ ಧಾರಾಳವಾಗಿ ನೀರು ಸುರಿದು ತೊಳೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತೊಳೆದು ಕೂಡಲೇ ವೈದ್ಯರ ಬಳಿ ಹೋಗಿ. ನೆಲದ ಮೇಲೆ ಅಡಿಗೆ ಸೋಡಾ ಉದುರಿಸಿ ತೊಳೆಯಬಹುದು. ಸೋಡಾ ಬ್ಯಾಟರಿಯ ಒಳಗೆ ಬೀಳಬಾರದು.

ಮುಂದೆ ಹೀಗಾಗದಂತೆ

ಮತ್ತೆ ಜೋಡಿಸುವಾಗ ಮೊದಲು ಕೆಂಪು, ಕೊನೆಗೆ ಕಪ್ಪು. ಬಿಚ್ಚಿದ್ದಕ್ಕೆ ವಿರುದ್ಧ ಕ್ರಮ. ಬ್ಯಾಟರಿ ಸರಿಸುವ ಮುನ್ನ ಕೆಂಪು ತಂತಿಯ ತುದಿಗೂ ಅದರ ಧ್ರುವಕ್ಕೂ ಕೆಂಪು ಬಣ್ಣ ಹಚ್ಚಿರಿ. ತಂತಿಗಳ ಮೂಲ ಬಣ್ಣ ಮಾಸಿದರೂ ಗುರುತು ಉಳಿಯುತ್ತದೆ. ಧನ ಧ್ರುವದ ಹತ್ತಿರವೇ ತಯಾರಕರು ಹೇಳಿದ ಆಂಪಿಯರಿನ ಫ್ಯೂಸು ಇರಲಿ. ತಂತಿಗಳನ್ನು ಗಟ್ಟಿ ಕೊಳವೆಯಲ್ಲಿ ಹಾಯಿಸಿದರೆ ಇಲಿಯ ಕಾಟ ತಪ್ಪುತ್ತದೆ. ಕಾಳಿನ ಮೂಟೆಗಳ ಬಳಿ ಬ್ಯಾಟರಿ ಇಡಬೇಡಿ. ಕಾಳಿದ್ದಲ್ಲಿ ಇಲಿ ಬಂದೇ ಬರುತ್ತದೆ. ಗಾಳಿಯಾಡುವ ಜಾಗವೇ ಮೇಲು.

ಒಂದು ರಾತ್ರಿ ಕತ್ತಲೆಯಲ್ಲಿ ಕಳೆದರೆ ನಷ್ಟವೇನೂ ಇಲ್ಲ. ಕತ್ತಲೆಗೆ ಬೇಸತ್ತು ಅವಸರದಿಂದ ತಂತಿಗೆ ಕೈ ಹಾಕಿದರೆ ಆಗುವ ನಷ್ಟವನ್ನು ಯಾವ ಬೆಳೆಯೂ ತುಂಬಿಕೊಡಲಾರದು. ಲಾಟೀನನ್ನು ಅಟ್ಟಕ್ಕೆ ಹಾಕಿದ್ದರೂ ಅದರಲ್ಲಿ ಎಣ್ಣೆ ಇರಲಿ.